ಮುಖ ಕೆಂಪೇರಿ ಉರಿಯುತ್ತಿದ್ದರೆ: ಮಲೆನಾಡಿನ ಮನೆಯಲ್ಲಿ ದೋಷ ಹುಡುಕುವ ಬಗೆ

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ. ಬಚ್ಚಲಲ್ಲಿ ಇವತ್ತಿಗೂ ತಾಮ್ರದ ಹಂಡೆ, ಕೆಳಗೆ ಸೌದೆ ಒಲೆ. ಬೆಳಿಗ್ಗೆ ಐದೂವರೆಗೆ ಉರಿ ಹಾಕುವುದು ನನ್ನ ಕೆಲಸ. ಅಡಿಕೆ ಸಿಪ್ಪೆ, ಒಂದೆರಡು ತೆಂಗಿನ ಚಿಪ್ಪು ತುರುಕಿ, ಊದುಗೊಳವೆ ಹಿಡಿದು ಕೂತರೆ ಸ್ವಲ್ಪ ಹೊತ್ತಿಗೆ ಜ್ವಾಲೆ ಏಳುತ್ತದೆ. ಡಿಸೆಂಬರಿನ ಚಳಿಯಲ್ಲಿ ಅಲ್ಲಿಂದ ಏಳಲು ಮನಸ್ಸೇ ಬರುವುದಿಲ್ಲ.

ನಾಲ್ಕು ವರ್ಷದ ಹಿಂದೆ ಹಾಗೆ ಒಂದು ದಿನ ಒಲೆ ಮುಂದಿನಿಂದ ಎದ್ದು ಅಡುಗೆಮನೆಗೆ ಬಂದೆ. ಅತ್ತೆ ಕಾಫಿ ಲೋಟ ಕೊಡುತ್ತಾ ಮುಖ ನೋಡಿದರು. "ಏನೇ ಇದು, ಮುಖ ಕೆಂಡ ಆಗಿದೆಯಲ್ಲೇ! ಜ್ವರ ಬಂತಾ?" ಅಂದರು. ಜ್ವರ ಇರಲಿಲ್ಲ. ಎರಡು ಕೆನ್ನೆ, ಮೂಗಿನ ತುದಿ ಮಾತ್ರ ಮೆಣಸಿನಪುಡಿ ಸವರಿದ ಹಾಗೆ ಉರಿಯುತ್ತಿತ್ತು. ತಿಂಡಿ ಮುಗಿದರೂ ಇಳಿಯಲಿಲ್ಲ.

ಅದು ಮುಖದ ಚರ್ಮದ ದೀರ್ಘಕಾಲದ ಕಾಯಿಲೆ, ಅದಕ್ಕೆ ರೊಸೇಶಿಯಾ ಅಂತ ಹೆಸರು ಇದೆ ಎಂದು ಗೊತ್ತಾಗಲು ನನಗೆ ಎರಡು ವರ್ಷ ಬೇಕಾಯಿತು. ಆ ಎರಡು ವರ್ಷದಲ್ಲಿ ಮೊಡವೆ ಅಂದುಕೊಂಡೆ, ಉಷ್ಣ ಅಂದುಕೊಂಡೆ, ಅಲರ್ಜಿ ಅಂದುಕೊಂಡೆ. ಒಂದೊಂದಕ್ಕೂ ಒಂದೊಂದು ಮದ್ದು ಹಚ್ಚಿದೆ. ಹಚ್ಚಿದ್ದರಲ್ಲಿ ಅರ್ಧ, ರೋಗ ಹೆಚ್ಚಿಸುವಂಥದ್ದೇ ಆಗಿತ್ತು. ಇನ್ನೊಬ್ಬರಿಗೆ ಹಾಗಾಗಬಾರದು, ಔಷಧಿ ಚೀಟಿ ಇಲ್ಲದೆ ಇದನ್ನು ಎಷ್ಟು ನಿಭಾಯಿಸಬಹುದು ಅಂತ ಗೊತ್ತಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ತೋಟದ ಮೋಟರು ನಿಂತರೆ ನಮ್ಮನೆ ಯಜಮಾನರು ಮೊದಲು ಫ್ಯೂಸ್ ನೋಡುತ್ತಾರೆ. ಆಮೇಲೆ ಸ್ಟಾರ್ಟರ್. ಆಮೇಲೆ ಕೇಬಲ್. ಮೋಟರು ಎತ್ತುವುದು ಕೊನೆಗೆ. ಎಲ್ಲ ಒಟ್ಟಿಗೆ ಬಿಚ್ಚಿದರೆ ದೋಷ ಎಲ್ಲಿತ್ತು ಅಂತ ಗೊತ್ತೇ ಆಗುವುದಿಲ್ಲ ಅನ್ನುತ್ತಾರೆ. ಮುಖದ ವಿಷಯದಲ್ಲೂ ನನಗೆ ದಾರಿ ಸಿಕ್ಕಿದ್ದು ಅದೇ ಕ್ರಮದಲ್ಲಿ.

ಮೊದಲು, ಇದು ಅದೇನಾ?

ರೊಸೇಶಿಯಾ ಸಾಮಾನ್ಯವಾಗಿ 30 ದಾಟಿದ ಮೇಲೆ ಶುರುವಾಗುತ್ತದೆ. ಮುಖದ ನಡುಭಾಗ ಅದರ ಜಾಗ: ಕೆನ್ನೆ, ಮೂಗು, ಹಣೆಯ ಮಧ್ಯ, ಗದ್ದ. ಮೊದಮೊದಲು ಕೆಂಪು ಬಂದು ಹೋಗುತ್ತದೆ. ವರ್ಷ ಕಳೆದ ಹಾಗೆ ಅಲ್ಲೇ ನಿಲ್ಲುತ್ತದೆ. ಕೆಲವರಿಗೆ ಜೇಡರ ಬಲೆಯ ಎಳೆಯಂಥ ಸಣ್ಣ ರಕ್ತನಾಳ ಕಾಣುತ್ತವೆ. ಕೆಲವರಿಗೆ ಮೊಡವೆಯಂಥ ಗುಳ್ಳೆ. ಕೆಲವರಿಗೆ ಕಣ್ಣಲ್ಲಿ ಮರಳು ಬಿದ್ದ ಹಾಗೆ ಚುಚ್ಚುತ್ತದೆ. ಗಂಡಸರಲ್ಲಿ ಹೆಚ್ಚಾಗಿ, ಮೂಗಿನ ಚರ್ಮ ದಪ್ಪವಾಗಿ ಉಬ್ಬುವುದೂ ಉಂಟು. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ.

ಪುಸ್ತಕಗಳಲ್ಲಿ ಇರುವ ಚಿತ್ರಗಳಲ್ಲಿ ಹೆಚ್ಚಿನವು ಬಿಳಿ ಚರ್ಮದವರದ್ದು. ಗುಲಾಬಿ ಕೆಂಪು ಕೆನ್ನೆ. ನಮ್ಮ ಗೋಧಿ ಬಣ್ಣದ, ಕಪ್ಪು ಬಣ್ಣದ ಮುಖದಲ್ಲಿ ಅದು ಹಾಗೆ ಕಾಣುವುದಿಲ್ಲ. ಮಾಸಿದ ಕಂದು, ಕೆಲವು ಸಲ ನೇರಳೆ ಛಾಯೆ. ಹಾಗಾಗಿ ನಮ್ಮಲ್ಲಿ ಇದನ್ನು ಗುರುತಿಸದೇ ಬಿಡುವುದು ಜಾಸ್ತಿ. ಬಣ್ಣಕ್ಕಿಂತ ಅನುಭವವನ್ನು ನಂಬಿ: ಉರಿ, ಬಿಸಿ, ಚುಚ್ಚು, ಚರ್ಮ ಬಿಗಿದ ಹಾಗೆ ಆಗುವುದು.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಶಿವಮೊಗ್ಗದಲ್ಲಿ ನನ್ನನ್ನು ನೋಡಿದ ಚರ್ಮದ ಡಾಕ್ಟರು ಒಂದು ಗಾಜಿನ ಪಟ್ಟಿಯನ್ನು ಕೆನ್ನೆಗೆ ಒತ್ತಿ ನೋಡಿದರು. ಮನೆಗೆ ಬಂದು ನಾನು ತಳ ತೆಳುವಾಗಿರುವ ಗಾಜಿನ ಲೋಟದಲ್ಲಿ ಅದನ್ನೇ ಮಾಡಿದೆ. ಕಿಟಕಿ ಹತ್ತಿರ ನಿಂತು, ಲೋಟದ ತಳವನ್ನು ಕೆನ್ನೆಗೆ ಮೆತ್ತಗೆ ಒತ್ತಿ. ಇನ್ನೊಬ್ಬರು ಲೋಟದ ಒಳಗಿಂದ ನೋಡಲಿ. ಒತ್ತಿದ ಜಾಗದ ಕೆಂಪು ಮಾಯವಾಗಿ, ಲೋಟ ತೆಗೆದ ಕೂಡಲೇ ಮತ್ತೆ ತುಂಬಿಕೊಂಡರೆ ಅದು ಹಿಗ್ಗಿದ ರಕ್ತನಾಳದ ಕೆಂಪು. ಒತ್ತಿದರೂ ಕಂದು ಬಣ್ಣ ಹಾಗೇ ಉಳಿದರೆ ಅದು ಬಂಗು ಇರಬಹುದು. ಬಂಗು ಉರಿಯುವುದೂ ಇಲ್ಲ. ನನ್ನ ಕೆನ್ನೆಯಲ್ಲಿ ಎರಡೂ ಇದ್ದವು. ಎರಡು ವರ್ಷ ನಾನು ಬರೀ ಬಂಗಿಗೆ ಮದ್ದು ಹುಡುಕುತ್ತಿದ್ದೆ.

ಈ ಪರೀಕ್ಷೆ ರಕ್ತನಾಳದ ಕೆಂಪು ಹೌದೋ ಅಲ್ಲವೋ ಅನ್ನುವುದನ್ನು ಮಾತ್ರ ಹೇಳುತ್ತದೆ. ಅದು ರೊಸೇಶಿಯಾವೇ ಅಂತ ಹೇಳುವುದಿಲ್ಲ. ಅದಕ್ಕೆ ಇನ್ನೂ ಕೆಲವು ನೋಡಬೇಕು. ಮೊಡವೆಯಾದರೆ ಕಪ್ಪು ತಲೆಯ, ಬಿಳಿ ತಲೆಯ ಕಾಳುಗಳು ಇರುತ್ತವೆ. ರೊಸೇಶಿಯಾದ ಗುಳ್ಳೆಗಳ ಜೊತೆ ಅವು ಇರುವುದಿಲ್ಲ. ಹುಬ್ಬಲ್ಲಿ, ಮೂಗಿನ ಪಕ್ಕದ ಮಡಿಕೆಯಲ್ಲಿ ಎಣ್ಣೆ ಜಿಡ್ಡಿನ ಹೊಟ್ಟು ಏಳುತ್ತಿದ್ದು, ತಲೆಯಲ್ಲೂ ಹೊಟ್ಟು ಇದ್ದರೆ ಅದು ಬೇರೆ. ಉರಿಗಿಂತ ತುರಿಕೆ ಜಾಸ್ತಿ ಇದ್ದರೆ ಹೊಸದಾಗಿ ಹಚ್ಚಿದ ಕುಂಕುಮ, ಕೂದಲ ಬಣ್ಣ, ಕ್ರೀಮು ನೆನಪು ಮಾಡಿಕೊಳ್ಳಿ. ಉಂಗುರದ ಹಾಗೆ ಅಂಚು ಎದ್ದು ತುರಿಸಿದರೆ ಹುಳುಕಡ್ಡಿ ಆಗಿರಬಹುದು. ಮುಖದ ಜೊತೆ ಇಡೀ ಮೈ ಬಿಸಿಯಾಗಿ ಬೆವರಿ ಇಳಿದರೆ, ವಯಸ್ಸು ನಲವತ್ತೈದು ದಾಟಿದ್ದರೆ, ಮುಟ್ಟು ನಿಲ್ಲುವ ಕಾಲದ್ದು ಇರಬಹುದು. ಬಿಪಿಗೆ ತೆಗೆದುಕೊಳ್ಳುವ ಆಮ್ಲೋಡಿಪಿನ್‌ನಂಥ ಮಾತ್ರೆಯಿಂದಲೂ ಮುಖ ಕೆಂಪೇರುತ್ತದೆ. ಆದರೆ ಆ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಕೊಟ್ಟವರನ್ನೇ ಕೇಳಿ.

ಎರಡು ವಿಷಯದಲ್ಲಿ ಮನೆಯ ಪರೀಕ್ಷೆ ಸಾಕು ಅಂತ ಕೂರಲೇಬಾರದು. ಕೆನ್ನೆಯ ಕೆಂಪಿನ ಜೊತೆ ಕೀಲು ನೋವು, ಜ್ವರ, ಬಾಯಿ ಹುಣ್ಣು, ಬಿಸಿಲು ತಾಗಿದರೆ ಮೈಮೇಲೂ ದದ್ದು ಇದ್ದರೆ ಅದು ಲೂಪಸ್ ಇರಬಹುದು, ಅಂದರೆ ದೇಹದ ರಕ್ಷಣಾ ವ್ಯವಸ್ಥೆ ತನ್ನ ಮೈಮೇಲೇ ತಿರುಗಿ ಬೀಳುವ ಕಾಯಿಲೆ. ಕೆಂಪು ಅಥವಾ ಬಿಳಚಿದ ಮಚ್ಚೆಯ ಮೇಲೆ ಹತ್ತಿಯ ಎಳೆ ಮುಟ್ಟಿಸಿದರೂ ಗೊತ್ತಾಗದಿದ್ದರೆ, ಅಂದರೆ ಸ್ಪರ್ಶವೇ ಇಲ್ಲದಿದ್ದರೆ, ಕುಷ್ಠದ ತಪಾಸಣೆ ಆಗಬೇಕು. ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ, ಪೂರ್ತಿ ಗುಣವಾಗುತ್ತದೆ. ನಾಚಿಕೆ ಪಟ್ಟು ಕೂರುವಂಥದ್ದೇನೂ ಅಲ್ಲ.

ಫ್ಯೂಸ್ ಇಲ್ಲೇ ಇದೆ: ಟ್ಯೂಬ್ ತಿರುಗಿಸಿ ಓದಿ

ಬೇರೆಲ್ಲಕ್ಕಿಂತ ಮೊದಲು ಇದನ್ನು ಮಾಡಿ. ಮುಖಕ್ಕೆ ಹಚ್ಚುವ ಎಲ್ಲವನ್ನೂ ತಂದು ಮೇಜಿನ ಮೇಲೆ ಇಡಿ. ಟ್ಯೂಬಿನ ಹಿಂದಿನ ಸಣ್ಣ ಅಕ್ಷರ ಓದಿ. ಕಣ್ಣಿಗೆ ಕಾಣದಿದ್ದರೆ ಮೊಬೈಲಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ.

ಹುಡುಕಬೇಕಾದ ಹೆಸರುಗಳು: ಬೀಟಾಮೆಥಸೋನ್, ಕ್ಲೋಬೆಟಾಸೋಲ್, ಮೊಮೆಟಸೋನ್, ಫ್ಲೂಸಿನೊಲೋನ್. ಇವೆಲ್ಲ ಸ್ಟೀರಾಯ್ಡ್, ಅಂದರೆ ಚರ್ಮದ ಕೆಂಪು, ಊತವನ್ನು ಬೇಗ ಅದುಮಿಡುವ ಬಲವಾದ ಮದ್ದು.

ನನ್ನ ಕಥೆ ಹೀಗೆ. ಮುಖದ ಕಲೆಗೆ ಅಂತ ಒಂದು ಔಷಧಿ ಅಂಗಡಿಯಲ್ಲಿ ಕೇಳಿದೆ. ಚೀಟಿ ಇರಲಿಲ್ಲ. ಒಂದು ಟ್ಯೂಬ್ ಕೊಟ್ಟರು. ಒಂದೇ ವಾರದಲ್ಲಿ ಮುಖ ತಿಳಿಯಾಯಿತು. ಉರಿ ಹೋಯಿತು, ಬಂಗು ಮಸುಕಾಯಿತು. ಮದುವೆ ಮನೆಯಲ್ಲಿ ಎಲ್ಲರೂ ಏನು ಹಚ್ಚುತ್ತೀಯಾ ಅಂತ ಕೇಳಿದರು. ಇಬ್ಬರು ಅತ್ತಿಗೆಯರಿಗೆ ಹೆಸರು ಬರೆದುಕೊಟ್ಟೆ. ಅದಕ್ಕೆ ಇವತ್ತಿಗೂ ನನಗೆ ಬೇಜಾರಿದೆ. ಎಂಟು ತಿಂಗಳು ಹಚ್ಚಿದೆ. ಒಂದು ದಿನ ಬಿಟ್ಟರೆ ಮುಖ ಮೊದಲಿಗಿಂತ ಎರಡು ಪಟ್ಟು ಕೆಂಪು. ಮತ್ತೆ ಹಚ್ಚಿದರೆ ಸರಿ. ಕೊನೆಕೊನೆಗೆ ಹಚ್ಚಿದರೂ ಸರಿಯಾಗಲಿಲ್ಲ. ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ತೆಳುವಾಗಿತ್ತು. ತಣ್ಣೀರು ಬಿದ್ದರೂ ಉರಿ.

ಆ ಟ್ಯೂಬಲ್ಲಿ ಇದ್ದದ್ದು ಮೂರು: ಬಣ್ಣ ತಿಳಿಮಾಡುವ ಹೈಡ್ರೋಕ್ವಿನೋನ್, ಸಿಪ್ಪೆ ಎಬ್ಬಿಸುವ ಟ್ರೆಟಿನೋಯಿನ್, ಮತ್ತೆ ಸ್ಟೀರಾಯ್ಡ್. ಇಂಥದ್ದು ಚರ್ಮದ ಡಾಕ್ಟರು ಬರೆದು, ಇಷ್ಟು ವಾರ ಅಂತ ಲೆಕ್ಕ ಹಾಕಿ ಕೊಡುವ ಮದ್ದು. ಸುಮ್ನೆ ಫೇರ್‌ನೆಸ್ ಕ್ರೀಮಿನ ಹಾಗೆ ಬಳಿದುಕೊಳ್ಳುವುದಲ್ಲ. ಸ್ಟೀರಾಯ್ಡ್ ಮುಖದ ಮೇಲೆ ತಿಂಗಳುಗಟ್ಟಲೆ ಬಿದ್ದರೆ ರೊಸೇಶಿಯಾದಂಥದ್ದೇ ಕಾಯಿಲೆಯನ್ನು ತಾನಾಗಿಯೇ ತರುತ್ತದೆ. ಮೊದಲೇ ಇದ್ದರೆ ಹೆಚ್ಚಿಸುತ್ತದೆ. ನಮ್ಮ ದೇಶದಲ್ಲಿ ಇದು ಎಷ್ಟು ಸಾಮಾನ್ಯ ಅಂದರೆ 'ಸ್ಟೀರಾಯ್ಡಿನಿಂದ ಹಾಳಾದ ಮುಖ' ಅಂತ ಭಾರತದ ಚರ್ಮವೈದ್ಯರು ಅದಕ್ಕೊಂದು ಹೆಸರನ್ನೇ ಇಟ್ಟಿದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಚೀಟಿ ಇಲ್ಲದೆ ಮಾರುವ ಹಾಗಿಲ್ಲ.

ಟ್ಯೂಬಲ್ಲಿ ಈ ಹೆಸರು ಕಂಡರೆ ಏನು ಮಾಡಬೇಕು? ಒಂದೆರಡು ವಾರ ಹಚ್ಚಿದ್ದರೆ ಬಿಟ್ಟುಬಿಡಬಹುದು. ತಿಂಗಳುಗಟ್ಟಲೆ ಹಚ್ಚಿದ್ದರೆ ನೀವಾಗಿಯೇ ದಿಢೀರನೆ ಬಿಡುವ ಮೊದಲು ಚರ್ಮದ ಡಾಕ್ಟರನ್ನು ನೋಡಿ. ಬಿಟ್ಟ ಮೇಲೆ ಮುಖ ಕೆಲವು ವಾರ ಭಯಂಕರವಾಗಿ ಕೆರಳುತ್ತದೆ. ಆ ಉರಿ ತಡೆಯಲಾರದೆ ಜನ ಮತ್ತೆ ಅದೇ ಟ್ಯೂಬಿಗೆ ಹೋಗುತ್ತಾರೆ. ಜೊತೆಗೆ ಡಾಕ್ಟರು ಇದ್ದರೆ ಆ ವಾರಗಳನ್ನು ದಾಟಬಹುದು. ಔಷಧಿ ಚೀಟಿ ಇಲ್ಲದೆ ನಿಭಾಯಿಸುವ ಮಾತು ಶುರುವಾಗುವುದು ಇದನ್ನು ದಾಟಿದ ಮೇಲೆ. ನನಗೂ ಹಾಗೇ ಆಯಿತು. ಕೆರಳಿದ್ದು ಇಳಿದ ಮೇಲೆ ಡಾಕ್ಟರೇ ಹೇಳಿದರು: "ನಿಮ್ಮದು ಗುಳ್ಳೆ ಕಡಿಮೆ, ಕೆಂಪು ಜಾಸ್ತಿ. ಮೂರು ತಿಂಗಳು ಮದ್ದಿಲ್ಲದೆ ನೋಡೋಣ."

ಒಂದೊಂದೇ ತಂತಿ ಬಿಚ್ಚುವುದು

ರೊಸೇಶಿಯಾ ಇರುವ ಚರ್ಮದಲ್ಲಿ ರಕ್ತನಾಳ ಮತ್ತು ನರ ಎರಡೂ ಬೇಗ ಕೆರಳುತ್ತವೆ. ಕೆರಳಿಸುವ ವಸ್ತು ಎಲ್ಲರಿಗೂ ಒಂದೇ ಅಲ್ಲ. ಅದಕ್ಕೇ ಪಟ್ಟಿ ನೋಡಿ ಎಲ್ಲವನ್ನೂ ಬಿಡುವುದು ದಡ್ಡತನ. ಎಲ್ಲ ಬಿಟ್ಟರೆ ಹದಿನೈದು ದಿನಕ್ಕೆ ಬೇಸತ್ತು ಎಲ್ಲವನ್ನೂ ಮತ್ತೆ ಹಿಡಿಯುತ್ತೀರಿ.

ನಾನು ಮಗಳ ಹಳೇ ನೋಟ್‌ಬುಕ್ಕಲ್ಲಿ ಬರೆಯಲು ಶುರು ಮಾಡಿದೆ. ಕೆಂಪೇರಿದಾಗಲೆಲ್ಲ, ಅದಕ್ಕೂ ಮೊದಲಿನ ಒಂದೆರಡು ಗಂಟೆಯಲ್ಲಿ ಏನಾಯಿತು ಅಂತ. ಮೊದಲ ಪುಟದ ಮೂರು ಸಾಲು ಹೀಗಿವೆ:

ಜ. 9. ಬಚ್ಚಲ ಒಲೆ 15 ನಿಮಿಷ, ಆಮೇಲೆ ಬಿಸಿ ಕಾಫಿ. ಪೂರ್ತಿ ಕೆಂಪು. 8 ಗಂಟೆ ದಾಟಿದ ಮೇಲೆ ಇಳಿಯಿತು.
ಜ. 12. ಒಲೆ ಯಜಮಾನರು ಹಾಕಿದರು. ಬಿಸಿ ಕಾಫಿ ಮಾತ್ರ. ಸ್ವಲ್ಪ ಕೆಂಪು, ಅರ್ಧ ಗಂಟೆ.
ಜ. 20. ಒಲೆ ಇಲ್ಲ. ಕಾಫಿ ಆರಿಸಿ ಕುಡಿದೆ. ಏನೂ ಇಲ್ಲ.

ಮೂರನೇ ಸಾಲು ಬರೆದ ದಿನ ನಾನು ಕನ್ನಡಿ ಮುಂದೆ ನಿಂತು ಅತ್ತೆ. ಎರಡು ವರ್ಷದಲ್ಲಿ ಮೊದಲ ಸಲ ಕೈಗೆ ಒಂದು ಹಿಡಿತ ಸಿಕ್ಕಿತ್ತು.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಎರಡು ವಾರ ಕಾಯಿರಿ. ಕೆಂಪು ನಿಮಿಷಗಳಲ್ಲಿ ಉತ್ತರ ಹೇಳುತ್ತದೆ. ಗುಳ್ಳೆಗಳು ಹಾಗಲ್ಲ, ತಡವಾಗಿ ಬಂದು ತಡವಾಗಿ ಹೋಗುತ್ತವೆ.

ಮಲೆನಾಡಿನಲ್ಲಿ ಮೊದಲು ನೋಡಬೇಕಾದದ್ದು ಬೆಂಕಿ. ಬಚ್ಚಲ ಒಲೆ, ಅಡುಗೆ ಒಲೆ, ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಒಲೆ. ಅಡಿಕೆ ಬೇಯಿಸುವಾಗ ಚೊಗರಿನ ಹಂಡೆಯ ಪಕ್ಕ ನಿಂತು ಕೈಯಾಡಿಸುವವರ ಮುಖಕ್ಕೆ ಕೆಳಗಿಂದ ಬೆಂಕಿ, ಮೇಲಿಂದ ಆವಿ, ಎರಡೂ ಹೊಡೆಯುತ್ತದೆ. ಆ ಕೆಲಸ ಬಿಡಿ ಅಂತ ಸುಗ್ಗಿಯಲ್ಲಿ ಯಾರಿಗೆ ಹೇಳುವುದು? ನಾವು ಮಾಡಿಕೊಂಡದ್ದು ಇಷ್ಟು: ಉದ್ದ ಹಿಡಿಯ ಜಾಲರಿ ಸೌಟು, ಒಲೆಯ ಬಾಯಿಗೆ ಅಡ್ಡ ಒಂದು ಹಳೇ ತಗಡು, ಹತ್ತು ನಿಮಿಷಕ್ಕೊಮ್ಮೆ ಜನ ಬದಲಾಗುವುದು. ಬಚ್ಚಲಿಗೆ ನಾನು ರಾತ್ರಿಯೇ ಸೌದೆ ಜೋಡಿಸಿಟ್ಟು, ಬೆಳಿಗ್ಗೆ ಹೊತ್ತಿಸಿ ದೂರ ಬರುತ್ತೇನೆ. ಸ್ನಾನದ ನೀರು ಬಿಸಿ ಇರಲಿ, ಮುಖಕ್ಕೆ ಮಾತ್ರ ಬೇರೆ ಚೊಂಬಿನಲ್ಲಿ ಉಗುರುಬೆಚ್ಚಗಿನದ್ದು. ಎಣ್ಣೆ ಸ್ನಾನದ ದಿನ ಸೀಗೆಪುಡಿಯ ನೀರು ಹಣೆಯಿಂದ ಕೆನ್ನೆಗೆ ಇಳಿಯದ ಹಾಗೆ ತಲೆಯನ್ನು ಹಿಂದಕ್ಕೆ ಬಗ್ಗಿಸಿಕೊಂಡು ತೊಳೆಯಿರಿ.

ಮಳೆಗಾಲದಲ್ಲಿ ಶೀತ ಅಂದರೆ ನಮ್ಮಲ್ಲಿ ಕಂಬಳಿ ಮುಸುಕು ಹಾಕಿ ಆವಿ ತೆಗೆದುಕೊಳ್ಳುತ್ತಾರೆ. ನೀಲಗಿರಿ ಎಣ್ಣೆಯ ಎರಡು ಹನಿ ಬೇರೆ. ರೊಸೇಶಿಯಾ ಇರುವವರಿಗೆ ಇದರಷ್ಟು ಕೆಟ್ಟದ್ದು ಕಡಿಮೆ. ತಲೆನೋವಿನ ಬಾಮಿನಲ್ಲಿರುವ ಮೆಂಥಾಲ್, ಕರ್ಪೂರ ಕೂಡ ಅದೇ ಸಾಲಿನವು. ಹಣೆಗೆ ಹಚ್ಚಿದ್ದು ಬೆವರಿನ ಜೊತೆ ಕೆನ್ನೆಗೆ ಬರುತ್ತದೆ.

ಕಾಫಿ ಬಿಡಬೇಕಾ? ಎಲ್ಲರೂ ಕೇಳುವುದು ಇದನ್ನೇ. ಬೇಡ. 1981ರಲ್ಲೇ ಒಂದು ಪ್ರಯೋಗ ಆಗಿದೆ. ರೊಸೇಶಿಯಾ ಇರುವವರಿಗೆ 60 ಡಿಗ್ರಿಯ ಬಿಸಿ ಕಾಫಿ ಕೊಟ್ಟರು, ಅಷ್ಟೇ ಬಿಸಿಯ ಬರೀ ನೀರು ಕೊಟ್ಟರು, ತಣ್ಣಗಿನ ಕಾಫಿಯನ್ನೂ ಕೊಟ್ಟರು. ಬಿಸಿ ನೀರಿಗೂ ಮುಖ ಕೆಂಪೇರಿತು. ತಣ್ಣಗಿನ ಕಾಫಿಗೆ ಏರಲಿಲ್ಲ. ಅಂದರೆ ತಪ್ಪು ಬಿಸಿಯದ್ದು, ಕಾಫಿಯದ್ದಲ್ಲ. ಅಮೆರಿಕದ 80,000ಕ್ಕೂ ಹೆಚ್ಚು ನರ್ಸ್‌ಗಳನ್ನು ವರ್ಷಗಟ್ಟಲೆ ಗಮನಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಂತೂ ಕಾಫಿ ಹೆಚ್ಚು ಕುಡಿಯುವವರಲ್ಲಿ ರೊಸೇಶಿಯಾ ಕಡಿಮೆಯೇ ಕಂಡಿತು. ಹಾಗಂತ ಕಾಫಿ ಮದ್ದಲ್ಲ. ಆರಿಸಿ ಕುಡಿಯಿರಿ, ಅಷ್ಟೇ. ಲೋಟ-ಬಟ್ಟಲಲ್ಲಿ ನಾಲ್ಕು ಸಲ ಎತ್ತಿ ಹೊಯ್ದರೆ ಸಾಕಷ್ಟು ಆರುತ್ತದೆ.

ಕಷಾಯ ಹಾಗಲ್ಲ. ಅದರಲ್ಲಿ ಬಿಸಿಯೂ ಇದೆ, ಕಾಳುಮೆಣಸೂ ಇದೆ, ಕೆಲವರ ಮನೆಯಲ್ಲಿ ಶುಂಠಿಯೂ ಇದೆ. ಖಾರದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ನರದ ತುದಿಯಲ್ಲಿ ಒಂದು ಬಾಗಿಲಿದೆ. ಸುಮಾರು 43 ಡಿಗ್ರಿ ಬಿಸಿ ತಾಗಿದರೆ ಅದು ತೆರೆಯುತ್ತದೆ. ಮೆಣಸಿನಕಾಯಿಯ ಖಾರಕ್ಕೂ ಅದೇ ಬಾಗಿಲು ತೆರೆಯುತ್ತದೆ. ಕಾಳುಮೆಣಸಿನ ಘಾಟಿಗೂ ಅದೇ. ಮಿದುಳಿಗೆ ಎರಡೂ 'ಬೆಂಕಿ' ಅಂತಲೇ ಕೇಳಿಸುತ್ತದೆ. 1997ರಲ್ಲಿ ಡೇವಿಡ್ ಜೂಲಿಯಸ್ ಅವರ ತಂಡ ಇದನ್ನು ಪತ್ತೆ ಹಚ್ಚಿತು. 2021ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ಸಿಕ್ಕಿದ್ದು ಈ ಕೆಲಸಕ್ಕೆ. ರೊಸೇಶಿಯಾ ಇರುವ ಚರ್ಮದಲ್ಲಿ ಈ ಬಾಗಿಲು ಬೇಗ ತೆರೆಯುತ್ತದೆ. ನಮ್ಮ ಅಜ್ಜಿಯಂದಿರು ಇಂಥದ್ದಕ್ಕೆಲ್ಲ 'ಉಷ್ಣ' ಅನ್ನುತ್ತಿದ್ದರು. ಆ ಮಾತನ್ನು ನಾನು ಈಗ ಪೂರ್ತಿ ತಳ್ಳಿಹಾಕುವುದಿಲ್ಲ.

ನನಗೆ ಸೂಜಿಮೆಣಸು ಆಗುವುದಿಲ್ಲ. ಒಂದೇ ಒಂದು ಅರೆದು ಹಾಕಿದ ಚಟ್ನಿಗೂ ಹತ್ತು ನಿಮಿಷಕ್ಕೆ ಮುಖ ಏರುತ್ತದೆ. ಒಗ್ಗರಣೆಯ ಒಣಮೆಣಸು ಏನೂ ಮಾಡುವುದಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ ತಣ್ಣಗಿನ ಮೊಸರನ್ನದ ಜೊತೆ ಆಗುತ್ತದೆ, ಬಿಸಿ ಗಂಜಿಯ ಜೊತೆ ಆಗುವುದಿಲ್ಲ. ಇಂಥ ಸಣ್ಣ ವ್ಯತ್ಯಾಸ ನೋಟ್‌ಬುಕ್ಕಿಗೆ ಮಾತ್ರ ಗೊತ್ತಾಗುತ್ತದೆ. ತಂಬುಳಿ ಯಾವತ್ತೂ ತೊಂದರೆ ಕೊಟ್ಟಿಲ್ಲ. ಒಂದೆಲಗ, ದೊಡ್ಡಪತ್ರೆ, ಯಾವುದಾದರೂ ಸರಿ.

ಇನ್ನು ಕವಳ. ಅಡಿಕೆ ಊರಿನಲ್ಲಿ ಇದನ್ನು ಹೇಳಲೇಬೇಕು. ಎಲೆಅಡಿಕೆ ಹಾಕಿದ ಕೆಲವೇ ನಿಮಿಷದಲ್ಲಿ ಕಿವಿ, ಮುಖ ಬಿಸಿಯಾಗಿ ಬೆವರು ಬರುವುದು ಎಲ್ಲರಿಗೂ ಗೊತ್ತು. ಅದು ಅಡಿಕೆಯ ಗುಣ. ರೊಸೇಶಿಯಾ ಇರುವವರಿಗೆ ಆ ಬಿಸಿ ಬೇಗ ಇಳಿಯುವುದಿಲ್ಲ. ಊಟದ ನಂತರ ದಿನಾ ಕೆಂಪಾಗುವವರು ಊಟವನ್ನು ಬೈಯುವ ಮೊದಲು ಎರಡು ವಾರ ಕವಳ ಬಿಟ್ಟು ನೋಡಿ.

ಕುಡಿತವೂ ಕೆರಳಿಸುತ್ತದೆ. ಆದರೆ ಇಲ್ಲಿ ಒಂದು ಮಾತು. ನನ್ನ ಮೈದುನನಿಗೂ ಇದು ಇದೆ. ಮೂಗು ಸದಾ ಕೆಂಪು. ಅವನು ಒಂದು ಹನಿ ಮುಟ್ಟುವವನಲ್ಲ. ಹೆಣ್ಣು ನೋಡಲು ಹೋದ ಮನೆಯಲ್ಲಿ 'ಹುಡುಗ ಕುಡಿಯುತ್ತಾನೆ' ಅಂತ ಮಾತಾಡಿಕೊಂಡರು. ಕುಡಿಯದವರಿಗೂ ರೊಸೇಶಿಯಾ ಬರುತ್ತದೆ, ಮೂಗೂ ಕೆಂಪಾಗುತ್ತದೆ. ದಯವಿಟ್ಟು ಮುಖ ನೋಡಿ ತೀರ್ಮಾನ ಮಾಡಬೇಡಿ. ನಾಲ್ಕು ಜನರ ಮುಂದೆ 'ಮುಖಕ್ಕೇನಾಯ್ತು' ಅಂತ ಕೇಳಲೂ ಬೇಡಿ. ಮುಜುಗರಕ್ಕೇ ಇನ್ನಷ್ಟು ಕೆಂಪೇರುತ್ತದೆ.

ಬಿಸಿಲು ಎಲ್ಲರ ಪಟ್ಟಿಯಲ್ಲೂ ಇರುತ್ತದೆ, ಅಲ್ವಾ? ನಮ್ಮಲ್ಲಿ ಜನ ತಪ್ಪುವುದು ಮೋಡದ ದಿನ. ಆಗುಂಬೆ ಕಡೆ ಜುಲೈನಲ್ಲಿ ವಾರಗಟ್ಟಲೆ ಸೂರ್ಯ ಕಾಣುವುದಿಲ್ಲ. ಆದರೂ ಅತಿನೇರಳೆ ಕಿರಣ ಮೋಡ ದಾಟಿ ಬರುತ್ತದೆ. ಅಡಿಕೆ ಹಾಳೆಯ ಟೊಪ್ಪಿ ತಲೆಗೆ ತಂಪು ಕೊಡುತ್ತದೆ, ಕೆನ್ನೆಗೆ ನೆರಳು ಕೊಡುವುದಿಲ್ಲ. ಸುತ್ತ ಅಗಲ ಅಂಚಿರುವ ಬಟ್ಟೆ ಟೋಪಿ ಬೇಕು. ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸುವ ದಿನ ಮುಖಕ್ಕೆ ಮರೆ ಇಲ್ಲದೆ ತೋಟಕ್ಕೆ ಇಳಿಯಬೇಡಿ. ಅದರಲ್ಲಿರುವ ಮೈಲುತುತ್ತ, ಸುಣ್ಣ ಎರಡೂ ಈ ಚರ್ಮಕ್ಕೆ ಆಗುವುದಿಲ್ಲ.

ಹಚ್ಚುವುದು ಮೂರೇ ಸಾಕು

ಮೊದಲು ಬಿಡಬೇಕಾದದ್ದು ಹೇಳುತ್ತೇನೆ. ನಿಂಬೆರಸ ಬೇಡ. ಕಡಲೆಹಿಟ್ಟು ಹಾಕಿ ಉಜ್ಜುವುದು ಬೇಡ. ಸಕ್ಕರೆ, ರವೆ ಯಾವ ಸ್ಕ್ರಬ್ಬೂ ಬೇಡ. ಸ್ಪಿರಿಟ್ ಇರುವ ಟೋನರ್, ಘಮ್ಮೆನ್ನುವ ಕ್ರೀಮು ಬೇಡ. ಮನೆಮದ್ದು ಅಂದ ಮಾತ್ರಕ್ಕೆ ಮೆತ್ತಗಿನದ್ದು ಅಂತಲ್ಲ. ಟೀ ಟ್ರೀ ಎಣ್ಣೆ ಒಳ್ಳೆಯದು ಅಂತ ಯಾರೋ ಹೇಳಿದರು. ಹಚ್ಚಿ ಮೂರು ದಿನ ಹೊರಗೆ ಬರಲಾಗಲಿಲ್ಲ.

ತೊಳೆಯಲು: ಸಾಮಾನ್ಯ ಸೋಪು ಕ್ಷಾರ ಗುಣದ್ದು. ನಮ್ಮ ಚರ್ಮ ಸ್ವಲ್ಪ ಹುಳಿ ಗುಣದ್ದು. ಸೋಪು ಅದರ ಮೇಲ್ಪದರವನ್ನು ಒಣಗಿಸಿ ಬಿರುಕು ಬಿಡಿಸುತ್ತದೆ. 'ಸೋಪ್ ಅಲ್ಲದ', ವಾಸನೆ ಇಲ್ಲದ ಕ್ಲೆನ್ಸರ್ ಅಂತ ಕೇಳಿ. ದಿನಕ್ಕೆ ಎರಡು ಸಲ, ಬೆರಳ ತುದಿಯಲ್ಲಿ. ಹತ್ತಿ ಬಟ್ಟೆ ಒತ್ತಿ ಒರೆಸಿ, ಉಜ್ಜಬೇಡಿ.

ತೇವಕ್ಕೆ: ವಾಸನೆ ಇಲ್ಲದ ಸಾದಾ ಮಾಯಿಶ್ಚರೈಸರ್. ಸೆರಮೈಡ್ (ಚರ್ಮದಲ್ಲೇ ಇರುವ ಜಿಡ್ಡಿನಂಶ), ಗ್ಲಿಸರಿನ್ ಇದ್ದರೆ ಒಳ್ಳೆಯದು. ಜನವರಿಯ ಒಣಗಾಳಿಯಲ್ಲಿ ನಾನು ರಾತ್ರಿ ಅದರ ಮೇಲೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರುತ್ತೇನೆ. ಮುಖ ತೊಳೆದ ಕೂಡಲೇ ಹಚ್ಚಿದರೆ ಚುಚ್ಚುತ್ತದೆ ಅನ್ನುವವರು ಐದು-ಹತ್ತು ನಿಮಿಷ ಬಿಟ್ಟು ಹಚ್ಚಿ.

ಬಿಸಿಲಿಗೆ: ಝಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರುವ ಸನ್‌ಸ್ಕ್ರೀನ್, ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚು. ತೋರುಬೆರಳು, ನಡುಬೆರಳಿನ ಉದ್ದಕ್ಕೆ ಎರಡು ಗೆರೆ ಎಳೆದರೆ ಮುಖ ಮತ್ತು ಕತ್ತಿಗೆ ಸರಿಯಾದ ಅಳತೆ. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಬಿಳಿ ಸನ್‌ಸ್ಕ್ರೀನ್ ನಮ್ಮ ಬಣ್ಣಕ್ಕೆ ವಿಭೂತಿ ಬಳಿದ ಹಾಗೆ ಕಾಣುತ್ತದೆ. ಬಣ್ಣ ಬೆರೆಸಿದ್ದು ಸಿಗುತ್ತದೆ. ಅದರಲ್ಲಿರುವ ಐರನ್ ಆಕ್ಸೈಡ್ ಬಂಗಿಗೂ ಒಳ್ಳೆಯದು, ಕೆಂಪನ್ನೂ ಮುಚ್ಚುತ್ತದೆ.

ಯಾವುದೇ ಹೊಸದನ್ನು ಮೊದಲು ಕಿವಿಯ ಹಿಂದೆ ಮೂರು-ನಾಲ್ಕು ದಿನ ಹಚ್ಚಿ ನೋಡಿ. ಒಂದು ಸಲಕ್ಕೆ ಒಂದೇ. ಮೋಟರಿನ ನಿಯಮ ಇಲ್ಲೂ ಅದೇ.

ಈ ಮೂರೂ ಒಂದು ತಿಂಗಳು ನೆಟ್ಟಗೆ ನಡೆದ ಮೇಲೆ, ಬೇಕಿದ್ದರೆ, ನಾಲ್ಕನೆಯದು ಅಝೆಲೈಕ್ ಆ್ಯಸಿಡ್. ಗೋಧಿ, ಬಾರ್ಲಿಯಂಥ ಧಾನ್ಯದಲ್ಲೂ ಇರುವ ವಸ್ತು. ಶೇ. 15ರ ಜೆಲ್‌ಗೆ ಅಮೆರಿಕದಲ್ಲಿ 2002ರಲ್ಲಿ ರೊಸೇಶಿಯಾಕ್ಕೆಂದೇ ಒಪ್ಪಿಗೆ ಸಿಕ್ಕಿತು. ಅದು ಡಾಕ್ಟರು ಬರೆಯುವ ಔಷಧಿ. ಶೇ. 10ರದ್ದು ಸೌಂದರ್ಯ ಸಾಮಗ್ರಿಯ ಸಾಲಿನಲ್ಲೇ ಸಿಗುತ್ತದೆ. ಮೊದಲು ಎರಡು ದಿನಕ್ಕೊಮ್ಮೆ, ಬಟಾಣಿಯಷ್ಟು, ಮಾಯಿಶ್ಚರೈಸರ್ ಮೇಲೆ. ಮೊದಲ ವಾರ ಸ್ವಲ್ಪ ಚುರುಚುರು ಅನ್ನುತ್ತದೆ. ಉರಿ ತಡೆಯಲಾಗದಿದ್ದರೆ ನಿಲ್ಲಿಸಿ. ಗುಳ್ಳೆ ಇಳಿದದ್ದು ಕಾಣಲು ಎರಡು-ಮೂರು ತಿಂಗಳು ಬೇಕು. ನಿಯಾಸಿನಮೈಡ್ (ಬಿ3 ವಿಟಮಿನ್ನಿನ ಒಂದು ರೂಪ) ಕೂಡ ಕೆಲವರಿಗೆ ಹಿಡಿಸುತ್ತದೆ, ಶೇ. 5ಕ್ಕಿಂತ ಹೆಚ್ಚಿನದ್ದು ಬೇಡ. ಇಬ್ಬರಲ್ಲಿ ಯಾರು ಮೇಲು ಅಂತ ಕೇಳಿದರೆ ನನ್ನ ಓಟು ಅಝೆಲೈಕ್‌ಗೆ.

ಕೆಂಪು ಏರಿದ ಗಳಿಗೆಯಲ್ಲಿ

ಬೆಂಕಿ, ಬಿಸಿಲಿನಿಂದ ದೂರ ಬನ್ನಿ. ಬಾಯಲ್ಲಿ ತಣ್ಣೀರು ತುಂಬಿಕೊಂಡು ಸ್ವಲ್ಪ ಹೊತ್ತು ಹಿಡಿದುಕೊಳ್ಳಿ. ಬಾವಿ ನೀರಲ್ಲಿ ಅದ್ದಿ ಹಿಂಡಿದ ಹತ್ತಿ ಬಟ್ಟೆಯನ್ನು ಕೆನ್ನೆಯ ಮೇಲೆ ಹಾಸಿ, ಬಿಸಿಯಾದಾಗ ತಿರುಗಿಸಿ. ಐಸ್ ತುಂಡನ್ನು ನೇರ ಉಜ್ಜಬೇಡಿ. ಆ ಹೊತ್ತಿನಲ್ಲಿ ಯಾವ ಕ್ರೀಮನ್ನೂ ಹಚ್ಚಬೇಡಿ.

ಮನೆಯಲ್ಲಿ ಸರಿಹೋಗದ ದೋಷಗಳು

ಚರ್ಮದ ಮೇಲೆ ಎಳೆಎಳೆಯಾಗಿ ಕಾಣುವ ರಕ್ತನಾಳ ಯಾವ ಕ್ರೀಮಿಗೂ ಹೋಗುವುದಿಲ್ಲ, ಅದಕ್ಕೆ ಲೇಸರ್ ಬೇಕು. ಮೂಗು ದಪ್ಪವಾಗುತ್ತಿದ್ದರೆ ತಡ ಮಾಡಬೇಡಿ. ಇದೆಲ್ಲ ಮೂರು ತಿಂಗಳು ಸರಿಯಾಗಿ ಮಾಡಿದರೂ ಗುಳ್ಳೆ ಇಳಿಯದಿದ್ದರೆ ಚೀಟಿಯ ಔಷಧಿ ತೆಗೆದುಕೊಳ್ಳಿ. ಅದು ಸೋಲೇನೂ ಅಲ್ಲ. ನನಗೇ ಕಳೆದ ಸುಗ್ಗಿಯ ನಂತರ ಆರು ವಾರ ಬೇಕಾಯಿತು.

ಕಣ್ಣಿನ ವಿಷಯ ಬೇರೆಯೇ. ಮರಳು ಬಿದ್ದಂತಾಗುವುದು, ರೆಪ್ಪೆಯ ಅಂಚು ಕೆಂಪಾಗುವುದು ಇದ್ದರೆ ಉಗುರುಬೆಚ್ಚಗಿನ ಬಟ್ಟೆಯನ್ನು ಮುಚ್ಚಿದ ರೆಪ್ಪೆಯ ಮೇಲೆ ಮಾತ್ರ ಐದು ನಿಮಿಷ ಇಟ್ಟು ಅಂಚನ್ನು ಮೆತ್ತಗೆ ಒರೆಸಬಹುದು. ನೋವು, ಬೆಳಕು ನೋಡಲಾಗದಿರುವುದು, ಮಂಜು ಕವಿದಂತಾಗುವುದು ಇದ್ದರೆ ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಶಿವಮೊಗ್ಗದ ಮೆಗ್ಗಾನ್ ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗ ಇದೆ. ಎಲ್ಲಿಗೇ ಹೋಗಿ, ಹಚ್ಚಿದ ಟ್ಯೂಬುಗಳನ್ನೆಲ್ಲ, ಖಾಲಿಯಾದವನ್ನೂ, ಒಂದು ಚೀಲಕ್ಕೆ ಹಾಕಿಕೊಳ್ಳಿ. ನೋಟ್‌ಬುಕ್ ಇಟ್ಟುಕೊಳ್ಳಿ. ಆ ದಿನ ಮುಖಕ್ಕೆ ಪೌಡರ್ ಬೇಡ. ಮತ್ತೆ, ಕೆಂಪೇರಿದಾಗಲೇ ಕಿಟಕಿ ಬೆಳಕಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ನಮ್ಮೂರಿಂದ ಬಸ್ ಹಿಡಿದು ಶಿವಮೊಗ್ಗ ಮುಟ್ಟುವಷ್ಟರಲ್ಲಿ ಮುಖ ತಣ್ಣಗಾಗಿರುತ್ತದೆ. ಮೊದಲ ಸಲ ನಾನು ಡಾಕ್ಟರ ಎದುರು ಕೂತಾಗ ತೋರಿಸಲು ಏನೂ ಉಳಿದಿರಲಿಲ್ಲ. ಎರಡನೇ ಸಲ ಫೋನು ತೆಗೆದು ಒಲೆ ಮುಂದಿನ ಫೋಟೋ ತೋರಿಸಿದೆ. ಆವಾಗಲೇ ಅವರು ಗಾಜಿನ ಪಟ್ಟಿ ಕೈಗೆತ್ತಿಕೊಂಡಿದ್ದು.